ಒಣಗಿಸುವ ಊರಿನಲ್ಲಿ ಮಳೆಗೊಡ್ಡಿದ ಕಾಫಿ

ಜೂನ್ ಮೊದಲ ವಾರ ಮಳೆ ಹಿಡಿಯಿತೆಂದರೆ ಮಂಗಳೂರಿನ ಮನೆಮನೆಯಲ್ಲೂ ತೇವದ ಜೊತೆ ಜಗಳ ಶುರು. ಹಪ್ಪಳ, ಸಂಡಿಗೆ ಗಾಳಿಯಾಡದ ಡಬ್ಬಿ ಸೇರುತ್ತವೆ. ಉಪ್ಪು ನೀರೊಡೆಯುತ್ತದೆ. ಚಪ್ಪಲಿಗೆ, ಚರ್ಮದ ಬೆಲ್ಟಿಗೆ, ಹಳೆಯ ಪುಸ್ತಕದ ಬೆನ್ನಿಗೆ ಬೂಷ್ಟು ಹಿಡಿಯುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ಅದರ ಬಹುಪಾಲು ಸೆಪ್ಟೆಂಬರಿನೊಳಗೇ ಸುರಿದು ಮುಗಿಯುವ ಊರಿನಲ್ಲಿ ಒಣಗಿದ್ದನ್ನು ಒಣಗಿದ ಹಾಗೇ ಉಳಿಸಿಕೊಳ್ಳುವುದೇ ಒಂದು ದೊಡ್ಡ ಕೆಲಸ. ಕಾರ್ತೆಲ್, ಆಟಿ, ಸೋಣ ಎಂಬ ಮೂರು ತುಳು ತಿಂಗಳು ಈ ಪಾಡಿನಲ್ಲೇ ಕಳೆಯುತ್ತವೆ.

ಅದೇ ತಿಂಗಳುಗಳಲ್ಲಿ ಅದೇ ಊರಿನ ಕೆಲವು ಗೋದಾಮುಗಳು ಮಾತ್ರ ಪಕ್ಕೆಗಳನ್ನು ತೆರೆದು ಕಡಲಗಾಳಿಯನ್ನು ಒಳಕ್ಕೆ ಬಿಟ್ಟುಕೊಳ್ಳುತ್ತವೆ. ಒಳಗೆ ನೆಲದ ಮೇಲೆ ಹರಡಿರುವುದು ಕಾಫಿ ಬೀಜ. ಬೇಸಿಗೆಯಲ್ಲಿ ಬಿಸಿಲಿಗೆ ಹಾಕಿ, ಕೈಯಾಡಿಸಿ, ಕಷ್ಟಪಟ್ಟು ತೇವ ಇಳಿಸಿದ ಬೀಜವೇ ಮಳೆಗಾಲದಲ್ಲಿ ಮತ್ತೆ ತೇವ ಕುಡಿಯುತ್ತದೆ. ಹಸಿರು ಹೋಗಿ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಊದಿಕೊಳ್ಳುತ್ತದೆ, ಹುಳಿ ಕಳೆದುಕೊಳ್ಳುತ್ತದೆ. ಆಮೇಲೆ ‘ಮಾನ್ಸೂನ್ಡ್ ಮಲಬಾರ್’ ಎಂಬ ಹೆಸರು ಹೊತ್ತು ಯುರೋಪಿಗೆ ಹಡಗು ಹತ್ತುತ್ತದೆ. ಹೆಸರು ಮಲಬಾರಿನದ್ದಾದರೂ ಕೆಲಸದ ದೊಡ್ಡ ಪಾಲು ಕೆನರಾದ ಈ ಊರಿನದ್ದು. ನೀರು ಸೋಕಿದರೆ ಕೆಟ್ಟಿತು ಎಂದು ಎಲ್ಲರೂ ನಂಬಿದ್ದ ಸರಕಿನಲ್ಲಿ ನೀರನ್ನೇ ಕೂಲಿಗೆ ಹಚ್ಚಿದ ಪದ್ಧತಿ ಇದು. ಇದರ ಹಿಂದೆ ಹಾಯಿ ಹಡಗುಗಳ ಚರಿತ್ರೆಯಿದೆ. ರಸಾಯನಶಾಸ್ತ್ರದ ಒಂದು ಹಳೆಯ ತಕರಾರೂ ಇದೆ.

ಮೊದಲು ಕಾಫಿ ಘಟ್ಟ ಇಳಿದು ಬಂದ ದಾರಿ. ಹದಿನೇಳನೇ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಊರಿದರೆಂಬ ಪ್ರತೀತಿ ಎಲ್ಲರಿಗೂ ಗೊತ್ತು. ವ್ಯಾಪಾರದ ಬೆಳೆಯಾಗಿ ಕಾಫಿ ಬೆಳೆದದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಚಿಕ್ಕಮಗಳೂರು, ಮಂಜರಾಬಾದ್, ಕೊಡಗುಗಳಲ್ಲಿ ಯುರೋಪಿಯನ್ ತೋಟಗಾರರು ನೆಲೆಯೂರಿದ ಮೇಲೆ. 1799ರಲ್ಲಿ ಟಿಪ್ಪು ಬಿದ್ದ ಬಳಿಕ ಕೆನರಾ ಜಿಲ್ಲೆ ಕಂಪನಿ ಸರಕಾರದ ಕೈಗೆ ಬಂದಿತ್ತು, 1834ರಲ್ಲಿ ಕೊಡಗೂ ಬಂತು. ಘಟ್ಟದ ಮೇಲೆ ಬೆಳೆದದ್ದು ಲಂಡನ್ ತಲುಪಬೇಕಾದರೆ ಕಡಲಿಗೆ ಇಳಿಯಲೇಬೇಕು. ಚಾರ್ಮಾಡಿ, ಮಂಜರಾಬಾದ್, ಸಂಪಾಜೆ ಘಾಟಿಗಳಲ್ಲಿ ಎತ್ತಿನ ಗಾಡಿಗಳ ಸಾಲು ಇಳಿದು ಬರುತ್ತಿದ್ದುದು ಮಂಗಳೂರಿನ ಬಂದರಿಗೆ.

ಆದರೆ ಮಂಗಳೂರು ಕಾಫಿಗೆ ಬರೀ ದಾಟುವ ದಕ್ಕೆಯಾಗಿ ಉಳಿಯಲಿಲ್ಲ. ತೋಟದಲ್ಲಿ ಹಣ್ಣು ಕೊಯ್ಯುವುದು ನವೆಂಬರಿನಿಂದ ಫೆಬ್ರವರಿ, ಮಾರ್ಚ್‌ವರೆಗೆ. ಮಲೆನಾಡಿನ ಮಂಜು, ಮೋಡಗಳ ನಡುವೆ ಬೀಜವನ್ನು ಪೂರ್ತಿ ಒಣಗಿಸುವುದು ಕಷ್ಟ. ಕರಾವಳಿಯಲ್ಲಾದರೋ ಜನವರಿಯಿಂದ ಮೇ ತನಕ ಸುಡುಬಿಸಿಲು. ಹೀಗಾಗಿ ಹಣ್ಣಿನ ತಿರುಳು ಕಳೆದು ಅರೆ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯೂ ಸಿಪ್ಪೆ ಸಹಿತ ಒಣಗಿಸಿದ ಚೆರ್ರಿ ಕಾಫಿಯೂ ಇಲ್ಲಿಗೆ ಬಂದು ದೊಡ್ಡ ದೊಡ್ಡ ಕಣಗಳಲ್ಲಿ ಬಿಸಿಲು ಕಾಯುತ್ತಿದ್ದವು. ಆಮೇಲೆ ಸಿಪ್ಪೆ ಬಿಡಿಸುವುದು, ಹೊಳಪು ಕೊಡುವುದು, ಜರಡಿಯಾಡಿಸಿ ಗಾತ್ರಕ್ಕೆ ತಕ್ಕಂತೆ ಬೇರೆ ಮಾಡುವುದು, ಕಪ್ಪು ಬೀಜ, ಒಡಕು ಬೀಜ ಹೆಕ್ಕುವುದು. ಇಷ್ಟೂ ಸೇರಿದರೆ ‘ಕ್ಯೂರಿಂಗ್’. 1860ರ ದಶಕದಲ್ಲಿ ಪಶ್ಚಿಮ ಕರಾವಳಿಯಲ್ಲಿ ಹುಟ್ಟಿದ ಪಿಯರ್ಸ್ ಲೆಸ್ಲಿ, ಆಸ್ಪಿನ್‌ವಾಲ್‌ನಂಥ ಕಂಪನಿಗಳು ಈ ಕೆಲಸವನ್ನು ದೊಡ್ಡ ಉದ್ಯಮವಾಗಿ ಬೆಳೆಸಿದವು. ಕೊಚ್ಚಿಯಲ್ಲಿ ಜಾನ್ ಆಸ್ಪಿನ್‌ವಾಲ್ ತನ್ನ ವ್ಯಾಪಾರ ಆರಂಭಿಸಿದ್ದು 1867ರಲ್ಲಿ. ಆ ಹೆಸರಿನ ಕಂಪನಿ ಮುಂದೆ ಮಂಗಳೂರಿನಲ್ಲಿ ಕ್ಯೂರಿಂಗ್ ವರ್ಕ್ಸ್ ನಡೆಸಿ, ಮಳೆಗೊಡ್ಡಿದ ಕಾಫಿಗೇ ಹೆಸರಾಯಿತು. ಇಪ್ಪತ್ತನೇ ಶತಮಾನ ಕಣ್ಣು ಬಿಡುವ ಹೊತ್ತಿಗೆ ಈ ಊರಿನ ದೊಡ್ಡ ಉದ್ಯಮಗಳನ್ನು ಹೇಳು ಎಂದರೆ ಎರಡು ಹೆಸರು ಮೊದಲು ಬರುತ್ತಿದ್ದವು: ಹೆಂಚು ಮತ್ತು ಕಾಫಿ.

ಹೆಂಚಿನ ಕಾರ್ಖಾನೆಗಳ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಬಾಸೆಲ್ ಮಿಷನ್, 1865ರ ಜೆಪ್ಪು ಕಾರ್ಖಾನೆ, ಗಿಯೋರ್ಗ್ ಪ್ಲೆಬ್ಸ್ಟ್. ಕಾಫಿ ಕಣದ ಕಥೆಗೆ ಅಷ್ಟು ಹೇಳುವವರಿಲ್ಲ. ಕ್ಯೂರಿಂಗ್‌ನ ಮೂಲ ಗುರಿ ಒಂದೇ, ನೀರು ತೆಗೆಯುವುದು. ಬೀಜದ ತೇವಾಂಶ ಶೇ. 10ರಿಂದ 11ರ ಆಸುಪಾಸಿಗೆ ಇಳಿಯಬೇಕು. ಅಲ್ಲಿಗೆ ಇಳಿದರೆ ಬೀಜದೊಳಗಿನ ಸಕ್ಕರೆ, ಆಮ್ಲ, ಕೊಬ್ಬು, ಕಿಣ್ವಗಳೆಲ್ಲ ಹೆಚ್ಚುಕಡಿಮೆ ನಿದ್ದೆಗೆ ಜಾರುತ್ತವೆ, ಹಡಗಿನ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಕೂತರೂ ತಡೆಯುತ್ತವೆ ಎಂಬುದು ಲೆಕ್ಕ. ಆ ಲೆಕ್ಕ ತಪ್ಪಿದ್ದು ಹಡಗಿನಲ್ಲೇ.

ಅಂದಿನ ಮಂಗಳೂರು ಬಂದರು ಇಂದಿನ ಪಣಂಬೂರಿನದ್ದಲ್ಲ. ನೇತ್ರಾವತಿ ಮತ್ತು ಫಲ್ಗುಣಿ ಸೇರುವ ಅಳಿವೆಯಲ್ಲಿ ಮರಳ ದಿಬ್ಬ ಕಟ್ಟಿಕೊಂಡು ದೊಡ್ಡ ಹಡಗುಗಳು ಒಳಗೆ ಬರಲಾಗುತ್ತಿರಲಿಲ್ಲ. ಅವು ಹೊರಗೆ ಕಡಲಲ್ಲೇ ಲಂಗರು ಹಾಕಿ ನಿಲ್ಲುವುದು, ದಕ್ಕೆಯಿಂದ ದೋಣಿಗಳಲ್ಲಿ ಗೋಣಿ ಚೀಲ ಸಾಗಿಸಿ ಹೇರುವುದು. ಮಳೆಗಾಲದಲ್ಲಿ ಆ ದಾರಿಯೂ ಬಂದ್. ಅಲ್ಲಿಂದ ಹಾಯಿ ಹಡಗು ಆಫ್ರಿಕಾದ ತುದಿಯನ್ನು ಸುತ್ತಿ ಯುರೋಪ್ ಮುಟ್ಟಲು ನಾಲ್ಕರಿಂದ ಆರು ತಿಂಗಳು ಹಿಡಿಯುತ್ತಿತ್ತು. ಎರಡು ಬಾರಿ ಉಷ್ಣವಲಯ ಹಾದು, ನಡುವೆ ದಕ್ಷಿಣದ ತಂಪು ಕಡಲು, ಕೊನೆಗೆ ಉತ್ತರದ ಚಳಿ. ಮರದ ಒಡಲಿನಲ್ಲಿ ಕಡಲ ತೇವ ತುಂಬಿಕೊಳ್ಳುತ್ತಿತ್ತು. ಹೊರಗೆ ತಣ್ಣಗಾದಾಗ ಒಳಗೋಡೆಗಳು ಬೆವರುತ್ತಿದ್ದವು. ಗೋಣಿಯೊಳಗಿನ ಕಾಫಿ ಆ ಬೆವರನ್ನು ಮೆಲ್ಲಗೆ ಹೀರಿ, ಬಿಟ್ಟು, ಮತ್ತೆ ಹೀರುತ್ತ ಸಾಗುತ್ತಿತ್ತು.

ಹತ್ತಿದ್ದು ಹಸಿರು ಬೀಜ, ಇಳಿದದ್ದು ಹೊಂಬಣ್ಣದ ಬೀಜ. ಕೊಂಡವರು ದೂರಲಿಲ್ಲ ಎಂಬುದೇ ಈ ಚರಿತ್ರೆಯ ತಿರುವು. ಉತ್ತರ ಯುರೋಪಿನವರು, ಅದರಲ್ಲೂ ಸ್ಕ್ಯಾಂಡಿನೇವಿಯದವರು, ಹುಳಿಯಿಲ್ಲದ, ಮಂದವಾದ, ಸ್ವಲ್ಪ ಮಣ್ಣಿನ ವಾಸನೆಯ ಆ ಕಾಫಿಗೆ ನಾಲಗೆ ಒಗ್ಗಿಸಿಕೊಂಡಿದ್ದರು. ಇದು ಭಾರತದ ಕಾಫಿಗಷ್ಟೇ ಆದದ್ದೂ ಅಲ್ಲ. ಡಚ್ಚರ ಜಾವಾದಿಂದ ಹಾಯಿ ಹಡಗಿನಲ್ಲಿ ಹೋಗುತ್ತಿದ್ದ ‘ಓಲ್ಡ್ ಗವರ್ನಮೆಂಟ್ ಜಾವಾ’ ಕಾಫಿಯೂ ದಾರಿಯಲ್ಲಿ ಬೆವರಿ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಹೆಚ್ಚು ಕಂದಾದಷ್ಟೂ ಅಮೆರಿಕದ ಪೇಟೆಯಲ್ಲಿ ಹೆಚ್ಚು ಬೆಲೆ ಸಿಗುತ್ತಿತ್ತೆಂದು ವಿಲಿಯಂ ಯೂಕರ್ಸ್ 1922ರ ತನ್ನ ದೊಡ್ಡ ಕಾಫಿ ಗ್ರಂಥದಲ್ಲಿ ದಾಖಲಿಸಿದ್ದಾನೆ.

1869ರ ನವೆಂಬರ್ 17ರಂದು ಸೂಯೆಜ್ ಕಾಲುವೆ ತೆರೆಯಿತು. ಉಗಿಹಡಗಿನ ಕಬ್ಬಿಣದ ಒಡಲು, ತಿಂಗಳೊಂದರ ಪ್ರಯಾಣ. ಕಾಫಿ ಹತ್ತಿದ ಹಾಗೇ ಹಸಿರಾಗಿ ಇಳಿಯತೊಡಗಿತು. ‘ನಮ್ಮ ಹಳೆಯ ಕಾಫಿ ಎಲ್ಲಿ’ ಎಂದು ಗಿರಾಕಿಗಳು ಕೇಳಿದರು, ಕರಾವಳಿಯ ವ್ಯಾಪಾರಿಗಳು ಯೋಚಿಸಿ ಮಳೆಗಾಲದ ಗಾಳಿಯಲ್ಲಿ ಅದೇ ಬದಲಾವಣೆ ತರುವ ಉಪಾಯ ಕಂಡುಕೊಂಡರು ಎಂದು ರಫ್ತುದಾರರ ಕೈಪಿಡಿಗಳು ಹೇಳುತ್ತವೆ. ಕಥೆ ಸೊಗಸಾಗಿದೆ, ಸ್ವಲ್ಪ ಹೆಚ್ಚೇ ಸೊಗಸಾಗಿದೆ. ಕೆಂಪು ಸಮುದ್ರದ ಗಾಳಿ ಹಾಯಿಗೆ ಒಗ್ಗದ ಕಾರಣ ಕಾಲುವೆ ಉಗಿಹಡಗಿನ ಸ್ವತ್ತಾಯಿತಾದರೂ, ಕೇಪ್ ಸುತ್ತುವ ಹಾಯಿ ಹಡಗುಗಳು ಇನ್ನೂ ಹಲವು ದಶಕ ಸರಕು ಹೊತ್ತವು. ಬದಲಾವಣೆ ರಾತ್ರೋರಾತ್ರಿ ಆದದ್ದಲ್ಲ. ಗಿರಾಕಿಯ ರುಚಿ ನಿಧಾನಕ್ಕೆ ಕಳೆದುಹೋಗುತ್ತಿತ್ತು, ಅದನ್ನು ಹಿಡಿದಿಡುವ ಕೆಲಸವೂ ನಿಧಾನಕ್ಕೇ ರೂಪು ಪಡೆಯಿತು. ಈ ಪದ್ಧತಿಗೆ ಒಬ್ಬ ಸಂಶೋಧಕನ ಹೆಸರಿಲ್ಲದಿರುವುದು ಅದಕ್ಕೇ ಇರಬೇಕು.

ಮಳೆಗೊಡ್ಡುವುದೆಂದರೆ ಮಳೆಯಲ್ಲಿ ನೆನೆಸುವುದಲ್ಲ. ಹನಿ ನೇರವಾಗಿ ಬಿದ್ದರೆ ಬೀಜ ಕೊಳೆಯುತ್ತದೆ. ಬೇಕಾದದ್ದು ತೇವ ತುಂಬಿದ ಗಾಳಿ. ಇದಕ್ಕೆ ಆರಿಸುವುದು ಚೆರ್ರಿ ಕಾಫಿಯನ್ನು, ಅಂದರೆ ಹಣ್ಣನ್ನು ಸಿಪ್ಪೆ ಸಹಿತ ಒಣಗಿಸಿ ತೆಗೆದ ಬೀಜವನ್ನು. ಅದರಲ್ಲೂ ದಪ್ಪ ಬೀಜ. ಗಾಳಿ ಓಡಾಡುವ ಗೋದಾಮಿನ ನೆಲದ ಮೇಲೆ ನಾಲ್ಕರಿಂದ ಆರು ಇಂಚು ದಪ್ಪಕ್ಕೆ ಹರಡಿ, ನಾಲ್ಕೈದು ದಿನ ಹಲುಬೆಯಿಂದ ಎಳೆದೆಳೆದು ತಿರುವುತ್ತಾರೆ. ಬೀಜ ಒಂದಿಷ್ಟು ತೇವ ಹಿಡಿದ ಮೇಲೆ ಗೋಣಿ ಚೀಲಗಳಲ್ಲಿ ಸಡಿಲವಾಗಿ ತುಂಬಿ, ಸಾಲು ಸಾಲಿನ ನಡುವೆ ಗಾಳಿಗೆ ದಾರಿ ಬಿಟ್ಟು ಜೋಡಿಸುತ್ತಾರೆ. ಆಮೇಲಿನದು ಚೀಲ ಸುರಿ, ಕಲಸು, ಮತ್ತೆ ತುಂಬು, ಜಾಗ ಬದಲಿಸು. ವಾರ ವಾರ ಇದೇ. ತಡ ಮಾಡಿದರೆ ಚೀಲದ ನಡುವೆ ಕಾವು ಏರಿ ಬೂಷ್ಟು ಬರುತ್ತದೆ. ಹನ್ನೆರಡರಿಂದ ಹದಿನಾರು ವಾರ ಈ ಕೆಲಸ ನಡೆದು ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಬೀಜದ ತೇವಾಂಶ ಶೇ. 13ರಿಂದ 14.5ರಷ್ಟಕ್ಕೆ ಬಂದು ನಿಲ್ಲುತ್ತದೆ. ಕೊನೆಗೆ ಹೊಳಪು, ಹೊಗೆಯೂಡಿಸುವುದು, ಹೆಕ್ಕುವುದು. ಸರಿಯಾಗಿ ಊದದ, ಹಸಿರು ಬಿಡದ ಬೀಜ ಹೊರಗೆ. ದಪ್ಪನೆಯದು ‘ಮಾನ್ಸೂನ್ಡ್ ಮಲಬಾರ್ ಎಎ’, ಅದಕ್ಕಿಂತ ಸಣ್ಣದು ‘ಬಸನಳ್ಳಿ’, ರೊಬಸ್ಟಾದ್ದು ‘ಮಾನ್ಸೂನ್ಡ್ ರೊಬಸ್ಟಾ’.

ಹೆಕ್ಕುವ ಕೆಲಸ ಹೆಂಗಸರದ್ದೇ. ಮಂಗಳೂರಿನ ಗೇರುಬೀಜದ ಕಾರ್ಖಾನೆಗಳಂತೆ ಕಾಫಿ ವರ್ಕ್ಸ್ ಕೂಡ ಊರಿನ ಸಾವಿರಾರು ಮನೆಗಳಿಗೆ ಹೆಣ್ಣುಮಕ್ಕಳ ಕೂಲಿಯಿಂದ ಅನ್ನ ಕೊಟ್ಟಿತು. ಮಳೆಗೊಡ್ಡಿದ ಬೀಜ ಯಾವ ಹದದಲ್ಲಿದೆ ಎಂದು ಮುಷ್ಟಿಯಲ್ಲಿ ಹಿಡಿದು, ಮೂಗಿಗೆ ಹಿಡಿದು ಹೇಳುವ ಜಾಣ್ಮೆ ಯಾವ ಪುಸ್ತಕದಲ್ಲೂ ಬರೆದದ್ದಾಗಿರಲಿಲ್ಲ. ಬಣ್ಣ ನೋಡಿ ಬೇರ್ಪಡಿಸುವ ಯಂತ್ರಗಳು ಬಂದ ಮೇಲೆ ಆ ಕೈಗಳಿಗೆ ಕೆಲಸ ಕಡಿಮೆಯಾಯಿತು.

ಸಾಮಾನ್ಯ ಕಾಫಿಯಲ್ಲಿ ಶೇ. 12ಕ್ಕಿಂತ ಹೆಚ್ಚು ನೀರಿದ್ದರೆ ಕೊಳ್ಳುವವನು ಮುಖ ಸಿಂಡರಿಸುತ್ತಾನೆ. ಇಲ್ಲಿ ಹದಿನಾಲ್ಕಿದ್ದರೂ ಹೆಚ್ಚಿನ ಬೆಲೆ ಕೊಟ್ಟು ಕೊಳ್ಳುತ್ತಾನೆ. ಅರಬ್ಬಿ ಕಡಲಿನ ಆವಿಯನ್ನೂ ಕಾಫಿಯ ದರದಲ್ಲೇ ತೂಗಿ ಮಾರಿದ ಕೀರ್ತಿ ಕರಾವಳಿಗೆ ಸಲ್ಲಬೇಕು! ಆದರೆ ಆ ಮೂರು ನಾಲ್ಕು ಅಂಶದ ನೀರು ಬೀಜದೊಳಗೆ ಸುಮ್ಮನೆ ಕೂತಿರುವುದಿಲ್ಲ. ರಸಾಯನಶಾಸ್ತ್ರದ ಹಳೆಯ ತಕರಾರು ಶುರುವಾಗುವುದು ಇಲ್ಲಿಂದ.

ತಾನು ಖರ್ಚಾಗದೆ ಬೇರೆ ಕ್ರಿಯೆಯನ್ನು ನಡೆಸಿಕೊಡುವ ವಸ್ತುವಿಗೆ ವೇಗವರ್ಧಕ ಎನ್ನುತ್ತಾರೆ. ಆ ಕಲ್ಪನೆಗೆ ಸ್ವೀಡನ್ನಿನ ಬರ್ಜೀಲಿಯಸ್ ಹೆಸರಿಟ್ಟದ್ದು 1835ರಲ್ಲಿ. ಅದಕ್ಕೆ ನಾಲ್ಕು ದಶಕ ಮೊದಲೇ, 1794ರಲ್ಲಿ, ಎಲಿಜಬೆತ್ ಫುಲ್ಹೇಮ್ ಎಂಬಾಕೆ ಲಂಡನ್ನಿನಲ್ಲಿ ದಹನದ ಕುರಿತು ಒಂದು ಪುಸ್ತಕ ಪ್ರಕಟಿಸಿದ್ದಳು. ಆಕೆಯ ಮೂಲ ಆಸೆ ಬಟ್ಟೆಗೆ ಚಿನ್ನ ಬೆಳ್ಳಿಯ ಬಣ್ಣ ಕಟ್ಟುವುದು. ಲೋಹದ ಲವಣಗಳಲ್ಲಿ ರೇಷ್ಮೆಯನ್ನು ಅದ್ದಿ ಪ್ರಯೋಗ ಮಾಡುತ್ತ ಹೋದಾಗ, ತೇವವಿಲ್ಲದಿದ್ದರೆ ಕ್ರಿಯೆ ನಡೆಯುವುದೇ ಇಲ್ಲ ಎಂಬುದು ಆಕೆಯ ಗಮನಕ್ಕೆ ಬಂತು. ನೀರು ಮೊದಲು ಒಡೆದು ಕ್ರಿಯೆಯಲ್ಲಿ ಪಾಲ್ಗೊಂಡು, ಕೊನೆಗೆ ಮತ್ತೆ ನೀರಾಗಿಯೇ ಹೊರಬರುತ್ತದೆ ಎಂದು ಆಕೆ ವಾದಿಸಿದಳು. ಎಲ್ಲ ದಹನಕ್ಕೂ ಇದು ಅನ್ವಯಿಸುತ್ತದೆ ಎಂದದ್ದು ಅತಿಯಾಯಿತು. ಆದರೆ ತಾನು ಮುಗಿಯದೆ ದುಡಿಯುವ ವಸ್ತು ಎಂಬ ವಿಚಾರ ಅಲ್ಲಿ ಸ್ಪಷ್ಟವಾಗಿಯೇ ಇತ್ತು. 1880ರಲ್ಲಿ ಹೆರಾಲ್ಡ್ ಡಿಕ್ಸನ್ ಕಾರ್ಬನ್ ಮೊನಾಕ್ಸೈಡ್ ಮತ್ತು ಆಮ್ಲಜನಕವನ್ನು ಚೆನ್ನಾಗಿ ಒಣಗಿಸಿ ಕಿಡಿ ಕೊಟ್ಟ, ಸಿಡಿಯಲಿಲ್ಲ. ಒಂದಿಷ್ಟು ಆವಿ ಸೇರಿಸಿದ, ಸಿಡಿಯಿತು. ಪೂರ್ತಿ ಒಣಗಿದ ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಪರಸ್ಪರ ಮುಟ್ಟಿಕೊಳ್ಳುವುದೇ ಇಲ್ಲ ಎಂದು 1894ರಲ್ಲಿ ಬೇಕರ್ ಎಂಬ ಇನ್ನೊಬ್ಬ ರಸಾಯನಶಾಸ್ತ್ರಜ್ಞ ಸಾರಿದ. ಬೇಕರನ ಕೆಲವು ಫಲಿತಾಂಶಗಳನ್ನು ಮುಂದಿನವರು ಪ್ರಶ್ನಿಸಿದರೂ, ಪ್ರಯೋಗಾಲಯದಲ್ಲಿ ‘ಒಣಗಿದ್ದು’ ಎಂದು ಬರೆದ ಸೀಸೆಯನ್ನು ಅನುಮಾನದಿಂದ ನೋಡುವ ಅಭ್ಯಾಸವಂತೂ ಬೆಳೆಯಿತು.

ಸಾವಯವ ರಸಾಯನಶಾಸ್ತ್ರದ ಪಂಡಿತರು ಮಾತ್ರ ಬಹುಕಾಲ ಮಂಗಳೂರಿನ ಗೃಹಿಣಿಯರ ಪಕ್ಷ: ನೀರು ಕಂಡರೆ ಆಗದು. ಈಥರ್, ಬೆಂಜೀನ್, ಟಾಲುಯೀನ್‌ಗಳಲ್ಲಿ ಕೆಲಸ ಮಾಡು, ತೇವ ಬಾರದಂತೆ ಬಿರಡೆ ಹಾಕು ಎಂಬುದೇ ಪಾಠ. 1980ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರೊನಾಲ್ಡ್ ಬ್ರೆಸ್ಲೋ ಮತ್ತು ಸಂಗಡಿಗರು ಡೀಲ್ಸ್–ಆಲ್ಡರ್ ಎಂಬ ಹೆಸರಾಂತ ಕ್ರಿಯೆಯನ್ನು ನೀರಿನಲ್ಲಿ ನಡೆಸಿ ನೋಡಿದರು. ಎಣ್ಣೆಯ ಜಾತಿಯ ದ್ರಾವಕದಲ್ಲಿ ನಡೆಯುವುದಕ್ಕಿಂತ ಅದು 700 ಪಟ್ಟಿಗೂ ಮಿಕ್ಕಿ ವೇಗವಾಗಿ ನಡೆಯಿತು. 2005ರಲ್ಲಿ ಬ್ಯಾರಿ ಶಾರ್ಪ್‌ಲೆಸ್ ತಂಡ ಇನ್ನೊಂದು ವಿಚಿತ್ರ ತೋರಿಸಿತು. ನೀರಿನಲ್ಲಿ ಕರಗದ ವಸ್ತುಗಳನ್ನು ನೀರಿನ ಮೇಲೆ ತೇಲಿಸಿ ಕಲಕಿದರೆ, ದ್ರಾವಕವಿಲ್ಲದೆ 48 ಗಂಟೆ ಹಿಡಿಯುವ ಕ್ರಿಯೆ 10 ನಿಮಿಷದಲ್ಲಿ ಮುಗಿಯುತ್ತಿತ್ತು. ಎರಡು ನೊಬೆಲ್ ಪಡೆದ ಶಾರ್ಪ್‌ಲೆಸ್ ಹೇಳಿದ ಮೇಲೆ ನೀರಿಗೆ ಮರ್ಯಾದೆ ಬಂತು. ನೀರಿನ ಮೇಲ್ಮೈಯಲ್ಲಿ ಕೈಬಿಟ್ಟು ನಿಂತ ಹೈಡ್ರೋಜನ್ ತುದಿಗಳು ಕ್ರಿಯೆಯ ಕಠಿಣ ಘಟ್ಟವನ್ನು ಹಗುರ ಮಾಡುತ್ತವೆ ಎಂಬುದು ಅದಕ್ಕೆ ಕೊಟ್ಟ ಒಂದು ವಿವರಣೆ.

ಕಾಫಿ ಬೀಜದೊಳಗೆ ನಡೆಯುವುದು ಇಷ್ಟು ಶುದ್ಧವಾದ ಆಟವಲ್ಲ. ಬೀಜ ಜೀವ ಇದ್ದ ವಸ್ತು, ಅದರಲ್ಲಿ ಕಿಣ್ವಗಳಿವೆ. ಒಣಗಿದಾಗ ಅವು ಸಾಯುವುದಿಲ್ಲ, ಅಲುಗಾಡಲು ಜಾಗ ಸಾಲದೆ ಸುಮ್ಮನಿರುತ್ತವೆ. 1950ರ ದಶಕದಲ್ಲಿ ಆಸ್ಟ್ರೇಲಿಯದ ವಿಲಿಯಂ ಜೇಮ್ಸ್ ಸ್ಕಾಟ್ ಆಹಾರದಲ್ಲಿ ನೀರೆಷ್ಟಿದೆ ಎಂಬುದಕ್ಕಿಂತ ಅದರಲ್ಲಿ ಕೆಲಸಕ್ಕೆ ಸಿಗುವ ನೀರೆಷ್ಟು ಎಂಬುದು ಮುಖ್ಯ ಎಂದು ತೋರಿಸಿದ. ಸೊನ್ನೆಯಿಂದ ಒಂದರವರೆಗಿನ ಆ ಅಳತೆಗೆ ‘ನೀರಿನ ಚಟುವಟಿಕೆ’ ಎಂದು ಹೆಸರು. ಮಳೆಗೊಡ್ಡಿದ ಬೀಜ ಈ ಅಳತೆಯಲ್ಲಿ 0.7ರ ಆಸುಪಾಸಿಗೆ ಬಂದು ಕೂರುತ್ತದೆ. ಕಿಣ್ವಗಳು ಎಚ್ಚೆತ್ತು ಕೆಲಸ ಮಾಡುತ್ತವೆ, ಬೂಷ್ಟು ಮಾತ್ರ ಇನ್ನೂ ಸಲೀಸಾಗಿ ಬೆಳೆಯಲಾರದು. ಆ ಇಕ್ಕಟ್ಟಿನ ಜಾಗದಲ್ಲಿ ಬೀಜವನ್ನು ವಾರಗಟ್ಟಲೆ ಹಿಡಿದು ನಿಲ್ಲಿಸುವುದೇ ಈ ಕಸುಬಿನ ಕಷ್ಟ. ಸ್ಕಾಟ್ ಹುಟ್ಟುವ ಮೊದಲೇ ಹಲುಬೆ ಹಿಡಿದವರು ಅದನ್ನು ಮಾಡುತ್ತಿದ್ದರು.

ನಡೆಯುವ ಕ್ರಿಯೆಗಳಲ್ಲಿ ದೊಡ್ಡದು ಜಲವಿಭಜನೆ. ನೀರಿನ ಅಣು ಒಂದು ದೊಡ್ಡ ಅಣುವಿನ ಕೊಂಡಿಗೆ ತೂರಿ ಅದನ್ನು ಎರಡು ಮಾಡುತ್ತದೆ. ಕರಾವಳಿಯ ಅಡುಗೆಮನೆಗೆ ಇದು ಚೆನ್ನಾಗಿ ಪರಿಚಿತ. ಮಳೆಗಾಲದಲ್ಲಿ ಕೊಬ್ಬರಿಗೆ ತೇವ ತಗುಲಿದರೆ ಎಣ್ಣೆಯ ಕೊಬ್ಬು ಒಡೆದು ಲಾರಿಕ್ ಆಮ್ಲ ಬಿಡುಗಡೆಯಾಗಿ, ಬಾಯಲ್ಲಿಟ್ಟರೆ ಸಾಬೂನಿನ ರುಚಿ ಬರುತ್ತದೆ. ಅದೇ ಕ್ರಿಯೆ ಕಾಫಿಯಲ್ಲಿ ಬೇರೆ ಕೊಂಡಿಯನ್ನು ಬಿಡಿಸಿದಾಗ ಸುವಾಸನೆಯಾಗುತ್ತದೆ. ಮುಂಬಯಿಯ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ಒಂದು ಗಂಟು ಬಿಚ್ಚಿತು. ಹಸಿ ಕಾಫಿ ಬೀಜಕ್ಕೆ ಹಸಿ ಬಟಾಣಿಯ ವಾಸನೆ ಕೊಡುವ ಮೆಥಾಕ್ಸಿಪೈರಜೀನ್‌ಗಳು ಮಳೆಗೊಡ್ಡಿದ ಬೀಜದಲ್ಲಿ ಕಡಿಮೆಯಾಗಿದ್ದವು. 4-ವಿನೈಲ್‌ಗ್ವಾಯಕೋಲ್ ಮತ್ತು ಐಸೋಯೂಜಿನಾಲ್ ಎಂಬೆರಡು ಮಸಾಲೆ ವಾಸನೆಯ ಸಂಯುಕ್ತಗಳು ಮುಂದೆ ಬಂದಿದ್ದವು. ಎರಡನೆಯದು ಲವಂಗದ ಯೂಜಿನಾಲ್‌ನ ಹತ್ತಿರದ ನೆಂಟ. ಇವು ಬೀಜದಲ್ಲಿ ಮೊದಲೇ ಒಂದಂಶ ಸಕ್ಕರೆಗೆ ಅಂಟಿಕೊಂಡ ರೂಪದಲ್ಲಿ ಇರುತ್ತವೆ. ಸಕ್ಕರೆಯ ಹಿಡಿತದಲ್ಲಿರುವ ತನಕ ಮೂಗಿಗೆ ಸಿಗುವುದಿಲ್ಲ. ಮಳೆಗಾಲದ ವಾರಗಳಲ್ಲಿ ಆ ಹಿಡಿತ ಸಡಿಲಿ ಅವು ಬಿಡುಗಡೆಯಾಗುತ್ತವೆ. ಬೀಜಕ್ಕೆ ವಿಕಿರಣ ಹಾಯಿಸಿ ನೋಡಿದಾಗ, 5 ಕಿಲೋಗ್ರೇ ಪ್ರಮಾಣದಲ್ಲಿ ಸುವಾಸನೆ ಕೊಡುವ ಹೆಚ್ಚಿನ ಸಂಯುಕ್ತಗಳು ಇನ್ನಷ್ಟು ಹೆಚ್ಚಿದವು ಎಂಬುದು ಆ ಅಧ್ಯಯನದ ಮತ್ತೊಂದು ಫಲ.

ಹಾಗಾದರೆ ಇಲ್ಲಿ ನೀರು ವೇಗವರ್ಧಕವೇ? ಕಟ್ಟುನಿಟ್ಟಿನ ಮೇಷ್ಟರು ಒಪ್ಪಲಾರರು. ಜಲವಿಭಜನೆಯಲ್ಲಿ ನೀರು ಖರ್ಚಾಗುತ್ತದೆ, ಆದ್ದರಿಂದ ಅದು ಪಾಲುದಾರ. ಕಿಣ್ವಗಳಿಗೆ ಅಲುಗಲು ಜಾಗ ಕೊಡುವಾಗ ಅದು ಮಾಧ್ಯಮ. ಒಂದು ಕಡೆಯಿಂದ ಪ್ರೋಟಾನ್ ಪಡೆದು ಇನ್ನೊಂದು ಕಡೆ ದಾಟಿಸಿ ತಾನು ಹಾಗೇ ಉಳಿಯುವ ಗಳಿಗೆಯಲ್ಲಿ ಮಾತ್ರ ನಿಜವಾದ ವೇಗವರ್ಧಕ. ಗೋದಾಮಿನಲ್ಲಿ ಈ ಮೂರೂ ಒಂದೇ ಬೀಜದೊಳಗೆ, ಒಂದೇ ಹೊತ್ತಿಗೆ ನಡೆಯುತ್ತವೆ. ಫುಲ್ಹೇಮ್ ಇದ್ದಿದ್ದರೆ ಈ ಗೋದಾಮಿನಿಂದ ಹೊರಗೆ ಬರುತ್ತಿರಲಿಲ್ಲವೇನೋ.

ಅಪಾಯವೂ ಇಲ್ಲದಿಲ್ಲ. ತೇವ ಕುಡಿದ ಬೀಜವೆಂದರೆ ಅರಿಸೀರಸ್ ಎಂಬ ಮೂತಿಹುಳಕ್ಕೆ ಹಬ್ಬ. ಕೊನೆಯ ಹಂತದಲ್ಲಿ ಹೊಗೆಯೂಡಿಸುವುದು ಅದಕ್ಕೇ. ಇನ್ನು ಬೂಷ್ಟು. ಆಸ್ಪರ್‌ಜಿಲಸ್ ಜಾತಿಯ ಕೆಲವು ಬೂಷ್ಟುಗಳು ಆಕ್ರಟಾಕ್ಸಿನ್ ಎಂಬ ವಿಷ ಬಿಡುತ್ತವೆ. 2005ರಲ್ಲಿ ಯುರೋಪಿಯನ್ ಒಕ್ಕೂಟ ಹುರಿದ ಕಾಫಿಯಲ್ಲಿ ಇದರ ಮಿತಿಯನ್ನು ಕಿಲೋಗೆ 5 ಮೈಕ್ರೋಗ್ರಾಂ ಎಂದು ನಿಗದಿ ಮಾಡಿದಾಗ, ತೇವವನ್ನೇ ನಂಬಿದ ಈ ಕಾಫಿಯ ಮೇಲೆ ಎಲ್ಲರ ಕಣ್ಣು ಬೀಳುವುದು ಸಹಜವಾಗಿತ್ತು. ಆಗ ಕೈಹಿಡಿದದ್ದು ಅದೇ ಹಳೆಯ ಶ್ರಮ: ಚೀಲ ಸುರಿ, ಕಲಸು, ಮತ್ತೆ ತುಂಬು.

ಊರಿನ ಕಾಫಿ ವ್ಯಾಪಾರ ಈ ನಡುವೆ ಬೇರೆ ತಿರುವುಗಳನ್ನು ಕಂಡಿತ್ತು. 1907ರಲ್ಲಿ ರೈಲು ಮಂಗಳೂರಿಗೆ ಬಂತು. ಎರಡನೇ ಮಹಾಯುದ್ಧ ಯುರೋಪಿನ ಪೇಟೆಯನ್ನು ಮುಚ್ಚಿದಾಗ ಬೆಳೆಗಾರರನ್ನು ಉಳಿಸಲೆಂದು ಬಂದದ್ದು 1942ರ ಕಾಫಿ ಕಾಯ್ದೆ ಮತ್ತು ಕಾಫಿ ಮಂಡಳಿ. ಅಲ್ಲಿಂದ ಅರ್ಧ ಶತಮಾನ ಬೆಳೆದ ಕಾಫಿಯೆಲ್ಲ ಮಂಡಳಿಯ ‘ಪೂಲ್’ ಸೇರಬೇಕು, ಕ್ಯೂರಿಂಗ್ ವರ್ಕ್ಸ್‌ಗಳು ಮಂಡಳಿಯ ಏಜೆಂಟರಾಗಿ ದುಡಿಯಬೇಕು, ರಫ್ತುದಾರರು ಹರಾಜಿನಲ್ಲಿ ಕೊಳ್ಳಬೇಕು. 1996ರ ಹೊತ್ತಿಗೆ ಎಲ್ಲ ಬೆಳೆಗಾರರಿಗೂ ಮುಕ್ತ ಮಾರಾಟದ ಹಕ್ಕು ಸಿಕ್ಕಿತು. ರಸ್ತೆ, ಯಂತ್ರ, ವಿದ್ಯುತ್ತು ಸುಧಾರಿಸಿದಂತೆ ಕ್ಯೂರಿಂಗ್ ಕೆಲಸ ತೋಟಗಳ ಹತ್ತಿರಕ್ಕೆ ಸರಿಯಿತು. ಹಾಸನ, ಚಿಕ್ಕಮಗಳೂರು, ಕುಶಾಲನಗರ, ಹುಣಸೂರುಗಳಲ್ಲಿ ದೊಡ್ಡ ವರ್ಕ್ಸ್‌ಗಳು ಎದ್ದವು. ಒಣಗಿಸುವ ಕೆಲಸಕ್ಕೆ ಮಂಗಳೂರಿನ ಬಿಸಿಲೇ ಬೇಕೆಂಬ ಕಾಲ ಹೋಯಿತು.

ಮಳೆಗೊಡ್ಡುವ ಕೆಲಸ ಮಾತ್ರ ಘಟ್ಟ ಹತ್ತಲಿಲ್ಲ. ಹಾಸನದಲ್ಲಿ ಒಣಗಿಸಬಹುದು, ಆದರೆ ನಾಲ್ಕು ತಿಂಗಳು ಬಿಡದೆ ಬೀಸುವ ಕಡಲಗಾಳಿಯನ್ನು ಅಲ್ಲಿಗೆ ಒಯ್ಯುವಂತಿಲ್ಲ. ಇದನ್ನೇ ಕಾನೂನು ಕೂಡ ಒಪ್ಪಿತು. ಕಾಫಿ ಮಂಡಳಿಯ ಅರ್ಜಿಯ ಮೇಲೆ ಮಾನ್ಸೂನ್ಡ್ ಮಲಬಾರ್ ಅರೇಬಿಕಾ ಮತ್ತು ರೊಬಸ್ಟಾ ಎರಡಕ್ಕೂ 2007-08ರ ಸುಮಾರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಸಾಮಾನ್ಯವಾಗಿ ಇಂಥ ಮಾನ್ಯತೆಯಲ್ಲಿ ಬೆಳೆಯುವ ಮಣ್ಣೇ ಮುಖ್ಯ. ಈ ಕಾಫಿ ಬೆಳೆಯುವುದು ಒಂದು ಕಡೆ, ಹೆಸರು ಪಡೆಯುವುದು ಇನ್ನೊಂದು ಕಡೆಯ ಗಾಳಿಯಿಂದ. ಗಿರಾಕಿಗಳೂ ಬದಲಾದರು. ಇಟಲಿಯ ಎಸ್ಪ್ರೆಸೊ ಮಿಶ್ರಣಗಳಿಗೆ ಹುಳಿಯಿಲ್ಲದ, ದಪ್ಪ ನೊರೆ ಕೊಡುವ ಬೀಜ ಬೇಕಿತ್ತು. ಹಾಯಿ ಹಡಗಿನ ಕಾಲದ ರುಚಿಗೆ ಹೀಗೆ ಎರಡನೇ ಬದುಕು ಸಿಕ್ಕಿತು. ಈಗ ಅದು ಹೋಗುವುದು 1970ರ ದಶಕದಲ್ಲಿ ಪಣಂಬೂರಿನಲ್ಲಿ ತಲೆಯೆತ್ತಿದ ನವಮಂಗಳೂರು ಬಂದರಿನಿಂದ, ತೇವ ಹೊಗದಂತೆ ಮುಚ್ಚಿದ ಕಂಟೇನರುಗಳಲ್ಲಿ.

ಮಂಗಳೂರಿನ ಹೊಟೇಲಿನಲ್ಲಿ ಕೂತು ‘ಒಂದು ಮಾನ್ಸೂನ್ಡ್ ಕಾಫಿ’ ಎಂದರೆ ಸಪ್ಲಾಯರ್ ಮಿಕಿಮಿಕಿ ನೋಡಿಯಾನು. ಚಿಕೋರಿ ಬೆರೆತ, ಹಾಲು ಹೆಚ್ಚಾದ ಫಿಲ್ಟರ್ ಕಾಫಿಯ ಊರಿದು. ಅದು ದೂರುವ ವಿಷಯವೇನಲ್ಲ. ದೂರಬೇಕಾದದ್ದು ಬೇರೆ. ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆಗಳ ಚಿತ್ರ, ಪತ್ರ, ವರದಿಗಳು ಸ್ವಿಟ್ಜರ್ಲೆಂಡಿನ ದಾಖಲಾತಿ ಕೇಂದ್ರದಲ್ಲಿ ಪಟ್ಟಿಯಾಗಿ ಕೂತಿವೆ, ಮಂಗಳೂರಿನ ಬಲ್ಮಠದಲ್ಲೂ ಒಂದಿಷ್ಟು ಸಿಗುತ್ತವೆ. ಕಾಫಿ ಕಣದ ಹಾಜರಿ ಪುಸ್ತಕ, ಕೂಲಿಪಟ್ಟಿ, ಯಾವ ವರ್ಷ ಮಳೆ ತಡವಾಗಿ ಬೀಜ ಹಸಿರಾಗಿಯೇ ಉಳಿಯಿತು ಎಂದು ಬರೆದಿಟ್ಟ ಗೋದಾಮಿನ ರಿಜಿಸ್ಟರುಗಳು ಕೂಡ ಅಷ್ಟೇ ಬೆಲೆಯುಳ್ಳವು. ಕೊಣಾಜೆಯ ವಿಶ್ವವಿದ್ಯಾಲಯದ ಇತಿಹಾಸ ವಿಭಾಗವೂ ರಸಾಯನಶಾಸ್ತ್ರ ವಿಭಾಗವೂ ಒಟ್ಟಾಗಿ ಕೂತು ಮಾಡಬಹುದಾದ ಕೆಲಸವಿದು. ಬೀಜವನ್ನು ಮುಷ್ಟಿಯಲ್ಲಿ ಹಿಡಿದು ಹದ ಹೇಳುತ್ತಿದ್ದ ಅಜ್ಜಿಯಂದಿರು ಬಂದರಿನ ಸುತ್ತಲಿನ ಮನೆಗಳಲ್ಲಿ ಇನ್ನೂ ಇದ್ದಾರು. ಅವರ ಮಾತನ್ನು ದಾಖಲಿಸುವುದಿದ್ದರೆ ಮುಂದಿನ ಮಳೆಗಾಲಕ್ಕೆ ಕಾಯದೆ ಈಗಲೇ ಹೊರಡಬೇಕು.